ಮಾಗೂರ್ ಮೀನಿನ ಲಾಡಿಹುಳು: ಕರುಳಿನಿಂದ ಸ್ಲೈಡಿನವರೆಗೆ

ಮಾಗೂರ್ ಎಂಬ ಕ್ಯಾಟ್‌ಫಿಶ್‌ನ ಕರುಳಲ್ಲಿ ಸಿಗುವ ಲಾಡಿಹುಳುಗಳಲ್ಲಿ ಹೆಚ್ಚಿನವು ಕ್ಯಾರಿಯೋಫಿಲಿಡಿಯಾ ಗುಂಪಿನವು. ದನದ ಲಾಡಿಹುಳುವಿನ ಮೈ ಕಂತು ಕಂತಾಗಿರುತ್ತದೆ, ಇವುಗಳದ್ದು ಹಾಗಲ್ಲ. ಇಡೀ ಹುಳುವಿಗೆ ಒಂದೇ ಜೊತೆ ಜನನಾಂಗ. ಮೊಟ್ಟೆ ಕೆಸರಿನ ಟ್ಯೂಬಿಫೆಕ್ಸ್‌ನಂಥ ಹುಳುಗಳ ಹೊಟ್ಟೆ ಸೇರಿ, ಅವನ್ನು ತಿಂದ ಮೀನಿಗೆ ದಾಟುತ್ತದೆ.

ಭಾರತ ಮತ್ತು ಆಗ್ನೇಯ ಏಷ್ಯಾದಲ್ಲಿ ಈ ಒಂದು ಮೀನಿನ ಹುಳುಗಳಿಗೇ 59 ಪ್ರಭೇದಗಳ ಹೆಸರಿಟ್ಟಿದ್ದರು. 2011ರ ಪರಿಷ್ಕರಣೆಯಲ್ಲಿ ಉಳಿದದ್ದು 8. ಕೊಳೆತ, ಮುದುಡಿದ, ಗಾಜಿನಡಿ ಒತ್ತಿದ ಹುಳುಗಳನ್ನು ನೋಡಿ ಹೆಸರಿಟ್ಟರೆ ಹೀಗೇ ಆಗುವುದು. ಹಾಗಾಗಿ ನಾನು ಅತಿ ಹೆಚ್ಚು ಗಮನ ಕೊಡುವುದು ಹುಳು ಸಾಯುವ ಆ ಒಂದು ಕ್ಷಣಕ್ಕೆ.

ಮೀನು ಜೀವಂತವಾಗಿಯೇ ಬೇಕು. ಐಸಿನಲ್ಲಿಟ್ಟ ಮೀನಿನ ಹುಳು ಆಗಲೇ ಸತ್ತು ಊದಿಕೊಂಡಿರುತ್ತದೆ, ಅಳತೆಗೆ ಬಾರದು. ಮಾಗೂರ್ ಗಾಳಿ ಉಸಿರಾಡುವ ಮೀನಾದ್ದರಿಂದ ಒದ್ದೆ ಚೀಲದಲ್ಲೂ ಲ್ಯಾಬ್ ತಲುಪುತ್ತದೆ. ಹಿಡಿಯುವಾಗ ಪಕ್ಕದ ರೆಕ್ಕೆಯ ಮುಳ್ಳು ಜೋಪಾನ.

ಕರುಳನ್ನು ಬಿಡಿಸಿ, ಲೀಟರ್ ನೀರಿಗೆ 7 ಗ್ರಾಂ ಉಪ್ಪು ಬೆರೆಸಿದ ದ್ರಾವಣದಲ್ಲಿಟ್ಟು, ಮೊಂಡು ತುದಿಯ ಕತ್ತರಿಯಿಂದ ಉದ್ದಕ್ಕೂ ಸೀಳುತ್ತೇನೆ. ಬರೀ ನಲ್ಲಿ ನೀರಾದರೆ ಹುಳು ನೀರು ಹೀರಿ ಒಡೆಯುತ್ತದೆ. ಅಂಟಿಕೊಂಡ ಹುಳುವನ್ನು ಇಕ್ಕಳದಿಂದ ಎಳೆಯಬಾರದು; ತಲೆ ಕಿತ್ತು ಗೋಡೆಯಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ತಾನಾಗಿ ಸಡಿಲವಾಗುತ್ತದೆ. ಜೊಂಬಾಂಜಿಯಾ ಪೆನೆಟ್ರಾನ್ಸ್ ಎಂಬ ಪ್ರಭೇದ ಮಾತ್ರ ತಲೆಯನ್ನು ಕರುಳಿನ ಗೋಡೆಯೊಳಗೇ ತೂರಿಸಿರುತ್ತದೆ, ಹೊರಗಿನಿಂದ ಸಣ್ಣ ಗಂಟು ಕಾಣುತ್ತದೆ. ಆ ಗಂಟನ್ನು ಸುತ್ತಲಿನ ಗೋಡೆಯ ಸಮೇತ ಕತ್ತರಿಸಿ ತೆಗೆಯಬೇಕು.

ಲೋಳೆಯನ್ನು ಮೆತ್ತನೆಯ ಬ್ರಷ್‌ನಿಂದ ತೊಳೆದು, ಹುಳುವನ್ನು ತಟ್ಟೆಯಲ್ಲಿ ಒಂದೆರಡು ಹನಿ ಉಪ್ಪುನೀರಿನಲ್ಲಿ ಇಡುತ್ತೇನೆ. ಅಂಗಡಿಯ ಫಾರ್ಮಲಿನ್ 1 ಪಾಲು, ನೀರು 9 ಪಾಲು. ಇದನ್ನು ಇನ್ನೇನು ಕುದಿಯಬೇಕು ಎನ್ನುವಷ್ಟು ಬಿಸಿ ಮಾಡಿ ಒಮ್ಮೆಲೇ ಸುರಿಯುತ್ತೇನೆ. ಹುಳು ಹಿಗ್ಗಿದ್ದ ಭಂಗಿಯಲ್ಲೇ ನೆಟ್ಟಗೆ ನಿಂತುಬಿಡುತ್ತದೆ, ತಲೆಯ ಆಕಾರ ಹಾಗೇ ಉಳಿಯುತ್ತದೆ. ಅದೇ ದ್ರಾವಣ ತಣ್ಣಗಿದ್ದರೆ ಹುಳು ಸಾಯುವ ಮುಂಚೆ ಮುದುಡುತ್ತದೆ: ತಲೆ ಮೊಂಡಾಗುತ್ತದೆ, ಕತ್ತು ಮಾಯವಾಗುತ್ತದೆ, ಅಂಡಾಶಯ ಅಡ್ಡಡ್ಡ ಅಗಲವಾಗುತ್ತದೆ. ಒಂದೇ ಕರುಳಿನ ಎರಡು ಹುಳು ಬೇರೆ ಬೇರೆ ಪ್ರಭೇದದಂತೆ ಕಾಣುತ್ತವೆ. ಬಿಸಿ ಫಾರ್ಮಲಿನ್‌ನ ಹೊಗೆ ಕಣ್ಣು, ಗಂಟಲಿಗೆ ಕೆಟ್ಟದ್ದು. ಫ್ಯೂಮ್ ಹುಡ್ (ಹೊಗೆ ಹೊರಗೆಳೆಯುವ ಪೆಟ್ಟಿಗೆ) ಇಲ್ಲದೆ ಬಿಸಿ ಮಾಡಬೇಡಿ.

ಡಿಎನ್‌ಎ ಬೇಕಿದ್ದರೆ ಫಾರ್ಮಲಿನ್ ಮುಟ್ಟಿಸುವ ಮೊದಲೇ ಮೈಯ ನಡುಭಾಗದಿಂದ ಚಿಕ್ಕ ತುಂಡನ್ನು ಶೇ. 96ರ ಆಲ್ಕೋಹಾಲ್‌ಗೆ ಹಾಕಿ. ತಲೆಯನ್ನೂ ಅಂಡಾಶಯವಿರುವ ಹಿಂತುದಿಯನ್ನೂ ಮುಟ್ಟಬೇಡಿ, ಗುರುತು ಇರುವುದೇ ಅಲ್ಲಿ.

ಫಾರ್ಮಲಿನ್‌ನಲ್ಲಿಟ್ಟ ಹುಳುವನ್ನು ಎರಡು ವಾರದ ನಂತರ ಶೇ. 70ರ ಆಲ್ಕೋಹಾಲ್‌ಗೆ ಬದಲಿಸುತ್ತೇನೆ. ಬಣ್ಣಕ್ಕೆ ಮೇಯರ್ ಕಾರ್ಮೈನ್. ಹುಳು ಕಡುಗೆಂಪಾದ ಮೇಲೆ, ಕೆಲವು ಹನಿ ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿದ ಶೇ. 70ರ ಆಲ್ಕೋಹಾಲ್‌ನಲ್ಲಿ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ ಬಣ್ಣ ಇಳಿಸಬೇಕು. ಅಂಚು ತಿಳಿಯಾಗಿ, ವೃಷಣಗಳು ಬಿಡಿಬಿಡಿ ಕಾಳಿನಂತೆ ಕಂಡ ಕೂಡಲೇ ಆಮ್ಲವಿಲ್ಲದ ಆಲ್ಕೋಹಾಲ್‌ಗೆ ಹಾಕಿ. ಆಮೇಲೆ ನೀರಿನಂಶ ತೆಗೆಯಲು ಆಲ್ಕೋಹಾಲ್ ಶೇ. 80, 90, 96, 100. ಒಂದೊಂದರಲ್ಲಿ 20 ನಿಮಿಷ. ಕೊನೆಗೆ ಹುಳು ಪಾರದರ್ಶಕವಾಗಲು ಲವಂಗದೆಣ್ಣೆ. ಎಣ್ಣೆಯಲ್ಲಿ ಹುಳು ಹಾಲಿನಂತೆ ಬೆಳ್ಳಗಾದರೆ ಒಳಗೆ ನೀರು ಉಳಿದಿದೆ ಎಂದರ್ಥ, ಮತ್ತೆ ಶೇ. 100ಕ್ಕೆ ಹಿಂತಿರುಗಿ.

ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಲ್ಲಿ ಸ್ಲೈಡಿನ ಮೇಲೆ ಕೂರಿಸುವಾಗ ಕವರ್ ಗ್ಲಾಸನ್ನು ಒತ್ತುವುದಿಲ್ಲ, ಎರಡೂ ಬದಿಗೆ ಗಾಜಿನ ಚೂರಿನ ಆಸರೆ ಕೊಡುತ್ತೇನೆ. ಒಂದೆರಡು ಹುಳುವನ್ನು ಅಡ್ಡ ಸೀಳಿಕೆಗೆಂದೇ ಉಳಿಸಿಕೊಳ್ಳಿ: ಹಳದಿ ಗ್ರಂಥಿಗಳು (ಮೊಟ್ಟೆಗೆ ಪೋಷಣೆ ಒದಗಿಸುವವು) ಒಳಸ್ನಾಯುವಿನ ಹೊರಗಿವೆಯೋ ಒಳಗಿವೆಯೋ ಎಂಬುದು ಇಡೀ ಹುಳುವಿನ ಸ್ಲೈಡಿನಲ್ಲಿ ಖಚಿತವಾಗದು, ಕುಟುಂಬ ನಿರ್ಧಾರವಾಗುವುದು ಅದರಿಂದಲೇ. ಮಾಗೂರ್‌ನಲ್ಲಿ ಸಿಗುವ ಲೈಟೊಸೆಸ್ಟಸ್ ಕುಲದ ಹುಳುಗಳಲ್ಲಿ ಅವು ಹೊರಗಿರುತ್ತವೆ.

ಚೀಟಿಯನ್ನು ಪೆನ್ಸಿಲ್‌ನಲ್ಲಿ ಬರೆದು ಸೀಸೆಯ ಒಳಗೇ ಹಾಕಿ. ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿಹೋಗುತ್ತದೆ. ಮೀನಿನ ಫೋಟೋ ಸಹ ಬೇಕು, ಮಾರುಕಟ್ಟೆಯಲ್ಲಿ ಮಾಗೂರ್ ಹೆಸರಿನಲ್ಲಿ ಆಫ್ರಿಕನ್ ಕ್ಯಾಟ್‌ಫಿಶ್ ಮಾರುವವರಿದ್ದಾರೆ.