ಸ್ಮಾರ್ಟ್ ಟಿವಿ: ಮನೆಯ ಗುಟ್ಟು ಮನೆಯಲ್ಲೇ ಉಳಿಯಬೇಕಾದರೆ

ಹೊಸ ಸ್ಮಾರ್ಟ್ ಟಿವಿ ಗೋಡೆಗೇರಿದ ದಿನ ಎಲ್ಲರಿಗೂ ಚಿತ್ರ ನೋಡುವ ಅವಸರ. ತೆರೆಯ ಮೇಲೆ ಒಂದರ ಹಿಂದೊಂದು ಷರತ್ತುಗಳ ಪುಟ ಬರುತ್ತದೆ, ಅಳವಡಿಸಲು ಬಂದ ಹುಡುಗ ನಮ್ಮ ಪರವಾಗಿ ‘ಎಲ್ಲಕ್ಕೂ ಒಪ್ಪಿಗೆ’ ಒತ್ತಿ ಮುಂದೆ ಹೋಗುತ್ತಾನೆ. ಟಿವಿ ತಂದು ವರ್ಷವಾಗಿದ್ದರೂ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಬಿಡುವಿದ್ದಾಗ ರಿಮೋಟ್ ಹಿಡಿದು ಕುಳಿತರೆ ಹೆಚ್ಚಿನ ಕೆಲಸ ಮುಗಿಯುತ್ತದೆ.

ಮೊದಲು ಬಾಕ್ಸ್ ನೋಡಿ

ಹಳೆಯ ಟಿವಿಗೆ ಇಂಟರ್‌ನೆಟ್ ತರಲು ಹೆಸರೇ ಕೇಳದ ಕಂಪನಿಯ ಅಗ್ಗದ ಆಂಡ್ರಾಯ್ಡ್ ಬಾಕ್ಸ್ ಹಾಕಿಸಿಕೊಂಡಿದ್ದರೆ ಅಲ್ಲಿಂದಲೇ ಶುರು ಮಾಡಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಇದೇ. 2024ರ ಸೆಪ್ಟೆಂಬರ್‌ನಲ್ಲಿ ಡಾಕ್ಟರ್ ವೆಬ್ ಎಂಬ ಭದ್ರತಾ ಸಂಸ್ಥೆ 197 ದೇಶಗಳ ಸುಮಾರು 13 ಲಕ್ಷ ಟಿವಿ ಬಾಕ್ಸ್‌ಗಳಲ್ಲಿ ಕುತಂತ್ರಾಂಶ (ಮಾಲ್‌ವೇರ್) ಪತ್ತೆಹಚ್ಚಿತು. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ‘ಬ್ಯಾಡ್‌ಬಾಕ್ಸ್ 2.0’ ಎಂಬ, ಸೋಂಕಿತ ಸಾಧನಗಳ ಇನ್ನೊಂದು ಜಾಲದ ಬಗ್ಗೆ ಎಚ್ಚರಿಸಿತು. ಮರುತಿಂಗಳೇ ಗೂಗಲ್ ಆ ಜಾಲದ ಹಿಂದಿರುವವರ ವಿರುದ್ಧ ನ್ಯೂಯಾರ್ಕ್‌ನ ನ್ಯಾಯಾಲಯಕ್ಕೆ ಹೋಯಿತು. ಗೂಗಲ್ ಹೇಳುವಂತೆ ಅದರ ಹಿಡಿತದಲ್ಲಿದ್ದ ಸಾಧನಗಳು ಒಂದು ಕೋಟಿಗೂ ಹೆಚ್ಚು.

ಇಂಥ ಬಾಕ್ಸ್‌ಗೆ ಸೋಂಕು ಅಂಗಡಿಗೆ ಬರುವ ಮೊದಲೇ ತಗುಲಿರಬಹುದು, ಇಲ್ಲವೇ ಮೊದಲ ಬಾರಿ ಚಾಲೂ ಮಾಡುವಾಗ ಸೇರಿಕೊಳ್ಳಬಹುದು. ಚಿತ್ರ ಚೆನ್ನಾಗಿಯೇ ಬರುತ್ತಿರುತ್ತದೆ, ಹಿಂದೆ ನಿಮ್ಮ ಮನೆಯ ಇಂಟರ್‌ನೆಟ್ ಸಂಪರ್ಕವನ್ನು ವಂಚಕರು ಬಾಡಿಗೆಗೆ ಕೊಡುತ್ತಿರುತ್ತಾರೆ. ಅವರು ಎಸಗಿದ ಅಪರಾಧದ ಜಾಡು ಹಿಡಿದರೆ ಸಿಗುವುದು ನಿಮ್ಮ ಮನೆಯ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ.

ಗುರುತಿಸುವುದು ಕಷ್ಟವಲ್ಲ. ಗೂಗಲ್ ಪ್ಲೇ ಸ್ಟೋರ್ ಬದಲು ಬೇರಾವುದೋ ಆ್ಯಪ್ ಮಳಿಗೆ ಇದ್ದರೆ, ಅಪಾಯಕಾರಿ ಆ್ಯಪ್ ಪತ್ತೆಹಚ್ಚುವ ಗೂಗಲ್‌ನ ಪ್ಲೇ ಪ್ರೊಟೆಕ್ಟ್ ಆಫ್ ಮಾಡಿ ಎಂದು ಬಾಕ್ಸ್ ಕೇಳಿದರೆ, ‘ಒಮ್ಮೆ ಹಣ ಕೊಟ್ಟರೆ ಎಲ್ಲ ವಾಹಿನಿ ಉಚಿತ’ ಎಂದು ಮಾರಿದ್ದರೆ ಅನುಮಾನಪಡಿ. ಆಂಡ್ರಾಯ್ಡ್ ಟಿವಿಯ ಅಧಿಕೃತ ಜಾಲತಾಣದಲ್ಲಿ ಪಾಲುದಾರ ಕಂಪನಿಗಳ ಪಟ್ಟಿಯಿದೆ, ನಿಮ್ಮ ಬಾಕ್ಸ್‌ನ ಹೆಸರು ಅಲ್ಲಿದೆಯೇ ನೋಡಿ. ವಿದೇಶದಲ್ಲಿರುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ: ಊರಿನ ಧಾರಾವಾಹಿ ನೋಡುವ ಆಸೆಗೆ ಪರಿಚಯದವರ ಮೂಲಕ ತರಿಸಿಕೊಂಡ ಬಾಕ್ಸ್ ಎಂದಮಾತ್ರಕ್ಕೆ ಅದು ಸುರಕ್ಷಿತವಲ್ಲ. ಅನುಮಾನ ಗಟ್ಟಿಯಾದರೆ ವೈಫೈನಿಂದ ಬಿಡಿಸಿ ಇ-ತ್ಯಾಜ್ಯಕ್ಕೆ ಕೊಟ್ಟುಬಿಡಿ. ಕುತಂತ್ರಾಂಶ ಮೂಲ ವ್ಯವಸ್ಥೆಯಲ್ಲೇ ಕುಳಿತಿದ್ದರೆ ಫ್ಯಾಕ್ಟರಿ ರೀಸೆಟ್‌ಗೂ ಅದು ಹೋಗುವುದಿಲ್ಲ.

ಟಿವಿಯ ಗೂಢಚಾರಿಕೆ ನಿಲ್ಲಿಸಿ

ಹೆಸರಾಂತ ಕಂಪನಿಯ ಟಿವಿಯಲ್ಲಿ ತೊಂದರೆ ಬೇರೆ ಬಗೆಯದು. ತೆರೆಯ ಮೇಲೆ ಏನು ಮೂಡುತ್ತಿದೆ ಎಂಬುದರ ಚೂರುಗಳನ್ನು ಹಿಡಿದು, ಕಂಪನಿಯ ಸರ್ವರ್‌ನಲ್ಲಿರುವ ಭಂಡಾರದೊಂದಿಗೆ ಹೋಲಿಸಿ ನೀವು ನೋಡುತ್ತಿರುವ ಕಾರ್ಯಕ್ರಮ ಯಾವುದೆಂದು ಕಂಡುಹಿಡಿಯುವ ತಂತ್ರವೊಂದಿದೆ. ಎಸಿಆರ್ (ಆಟೊಮ್ಯಾಟಿಕ್ ಕಂಟೆಂಟ್ ರೆಕಗ್ನಿಷನ್) ಎಂದು ಅದರ ಹೆಸರು. ಜಾಹೀರಾತುದಾರರಿಗೆ ಇದು ಚಿನ್ನ. ಅಮೆರಿಕದಲ್ಲಿ ವಿಜಿಯೊ ಕಂಪನಿ 1.1 ಕೋಟಿ ಟಿವಿಗಳಿಂದ ಹೀಗೆ ಮಾಹಿತಿ ಎತ್ತಿದ್ದಕ್ಕೆ 2017ರಲ್ಲಿ 22 ಲಕ್ಷ ಡಾಲರ್ ತೆರಬೇಕಾಯಿತು.

2024ರಲ್ಲಿ ಲಂಡನ್, ಮ್ಯಾಡ್ರಿಡ್ ಮತ್ತು ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯಗಳ ಸಂಶೋಧಕರು ಸ್ಯಾಮ್‌ಸಂಗ್ ಮತ್ತು ಎಲ್‌ಜಿ ಟಿವಿಗಳನ್ನು ಬ್ರಿಟನ್ ಮತ್ತು ಅಮೆರಿಕದಲ್ಲಿ ಪರೀಕ್ಷಿಸಿದರು. ಎಚ್‌ಡಿಎಂಐ ಕೇಬಲ್‌ನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ಟಿವಿಯನ್ನು ಬರೀ ಪರದೆಯಂತೆ ಬಳಸಿದಾಗಲೂ ಈ ಹಿಡಿಯುವಿಕೆ ನಡೆದಿತ್ತು. ಮನೆಯ ಫೋಟೊ, ಕಚೇರಿಯ ಕೆಲಸ ಟಿವಿಯಲ್ಲಿ ತೆರೆಯುವವರು ಇದನ್ನು ಮನಸ್ಸಿನಲ್ಲಿಡಬೇಕು. ಅದೇ ಸಂಶೋಧಕರು ಕಂಡ ಸಮಾಧಾನದ ಸಂಗತಿಯೆಂದರೆ, ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿದ ಮೇಲೆ ಆ ರವಾನೆ ನಿಂತಿತು.

ಆದ್ದರಿಂದ ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ‘ಸೆಟ್ಟಿಂಗ್ಸ್’ನ ಪ್ರೈವಸಿ ವಿಭಾಗದೊಳಗೆ ‘ವ್ಯೂಯಿಂಗ್ ಇನ್ಫರ್ಮೇಶನ್ ಸರ್ವೀಸಸ್’ ಎಂಬುದರ ಗುರುತು ತೆಗೆಯಿರಿ. ಎಲ್‌ಜಿಯಲ್ಲಿ ‘ಲೈವ್ ಪ್ಲಸ್’ ಹುಡುಕಿ, ಅದು ಸಾಮಾನ್ಯವಾಗಿ ‘ಅಡಿಷನಲ್ ಸೆಟ್ಟಿಂಗ್ಸ್’ ಒಳಗಿರುತ್ತದೆ. ಮಾದರಿಯಿಂದ ಮಾದರಿಗೆ ಜಾಗ ಬದಲಾಗುತ್ತದೆ, ಸಿಗುವವರೆಗೂ ಹುಡುಕಿ. ಗೂಗಲ್ ಟಿವಿಯಾದರೆ ‘ಪ್ರೈವಸಿ’ಯಲ್ಲಿ ‘ಆಡ್ಸ್’ ತೆರೆದು ಜಾಹೀರಾತು ಐಡಿಯನ್ನು ಅಳಿಸಿ. ಫೈರ್ ಟಿವಿಯಾದರೆ ‘ಪ್ರಿಫರೆನ್ಸಸ್’ನ ‘ಪ್ರೈವಸಿ ಸೆಟ್ಟಿಂಗ್ಸ್’ನಲ್ಲಿರುವ ಬಳಕೆಯ ಮಾಹಿತಿ ಹಾಗೂ ಆಸಕ್ತಿ ಆಧಾರಿತ ಜಾಹೀರಾತುಗಳ ಆಯ್ಕೆಗಳನ್ನು ಮುಚ್ಚಿ.

ಇಂಟರ್‌ನೆಟ್ ಸಂಚಾರವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ವಿಪಿಎನ್ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ವಿಪಿಎನ್ ದಾರಿಯನ್ನು ಮರೆಮಾಡುತ್ತದೆ, ಮಾಹಿತಿ ಕಳಿಸುತ್ತಿರುವುದು ಟಿವಿಯೇ ಆದಾಗ ಅದರಿಂದ ಪ್ರಯೋಜನವಿಲ್ಲ. ಅದರ ಬದಲು ರೌಟರ್‌ನಲ್ಲಿ ‘ಗೆಸ್ಟ್ ನೆಟ್‌ವರ್ಕ್’ (ಅತಿಥಿಗಳಿಗೆಂದು ಇರುವ ಪ್ರತ್ಯೇಕ ವೈಫೈ) ತೆರೆದು ಟಿವಿಯನ್ನು ಅದಕ್ಕೆ ಜೋಡಿಸಿ. ಬ್ಯಾಂಕ್ ಕೆಲಸ ಮಾಡುವ ಫೋನ್ ಮತ್ತು ಕಂಪ್ಯೂಟರ್ ಬೇರೆ ಜಾಲದಲ್ಲಿರಲಿ.

ಖಾತೆ, ಪಾಸ್‌ವರ್ಡ್

ಪ್ರತಿ ಒಟಿಟಿ ಖಾತೆಗೂ ಬೇರೆ ಪಾಸ್‌ವರ್ಡ್ ಇರಲಿ, ಇಮೇಲ್‌ನದು ಖಂಡಿತ ಬೇರೆಯೇ ಇರಲಿ. ಚಿಕ್ಕಮಗಳೂರಿನ ಹೋಂಸ್ಟೇಯಲ್ಲೋ ಹೋಟೆಲ್‌ನಲ್ಲೋ ಟಿವಿಗೆ ಲಾಗಿನ್ ಆಗಿದ್ದರೆ ಹೊರಡುವ ಮುನ್ನ ಸೈನ್ ಔಟ್ ಮಾಡಿ. ಮರೆತಿದ್ದರೆ ಫೋನಿನಿಂದಲೇ ಖಾತೆ ತೆರೆದು ಎಲ್ಲ ಸಾಧನಗಳಿಂದ ಹೊರಬರುವ ಆಯ್ಕೆ ಒತ್ತಿ.

ಕ್ರಿಕೆಟ್ ಋತುವಿನಲ್ಲಿ ‘ಉಚಿತ ಲೈವ್’ ಎಂದು ವಾಟ್ಸ್‌ಆ್ಯಪ್, ಟೆಲಿಗ್ರಾಂನಲ್ಲಿ ಬರುವ ಎಪಿಕೆ (ಆ್ಯಪ್ ಅಳವಡಿಸುವ) ಕಡತಗಳನ್ನು ಮುಟ್ಟಲೇಬೇಡಿ. ಅಧಿಕೃತ ಮಳಿಗೆಯ ಹೊರಗಿನ ಆ್ಯಪ್‌ಗಳಿಗೆ ದಾರಿ ಬಿಡುವ ‘ಅನ್‌ನೋನ್ ಸೋರ್ಸಸ್’ ಅನುಮತಿ ಸದಾ ಆಫ್ ಆಗಿರಲಿ.

ಹಣದ ವಿಚಾರ

ಒಟಿಟಿ ಆ್ಯಪ್‌ಗೆ ಲಾಗಿನ್ ಆಗುವಾಗ ಟಿವಿಯಲ್ಲಿ ಮೂಡುವ ಸಕ್ರಿಯಗೊಳಿಸುವ ಸಂಕೇತವನ್ನು (ಆ್ಯಕ್ಟಿವೇಶನ್ ಕೋಡ್) ಎಲ್ಲಿ ಹಾಕಬೇಕೆಂದು ಗೂಗಲ್‌ನಲ್ಲಿ ಹುಡುಕಬೇಡಿ. ಹುಡುಕಾಟದಲ್ಲಿ ನಕಲಿ ತಾಣಗಳೂ ನಕಲಿ ಗ್ರಾಹಕ ಸೇವಾ ಸಂಖ್ಯೆಗಳೂ ಸಿಗುತ್ತವೆ. ತೆರೆಯ ಮೇಲಿರುವ ವಿಳಾಸವನ್ನೇ ಅಕ್ಷರ ಬಿಡದೆ ಟೈಪ್ ಮಾಡಿ, ಇಲ್ಲವೇ ಅಲ್ಲಿರುವ ಕ್ಯೂಆರ್ ಸ್ಕ್ಯಾನ್ ಮಾಡಿ. ‘ಸರಿಪಡಿಸುತ್ತೇನೆ, ಈ ಆ್ಯಪ್ ಹಾಕಿ ಫೋನ್ ಪರದೆ ತೋರಿಸಿ’ ಎಂದು ಯಾರಾದರೂ ಕೇಳಿದರೆ ಕರೆ ಕತ್ತರಿಸಿ.

ಚಂದಾ ಹಣ ತಾನಾಗಿ ಕಡಿತವಾಗುವ ಮುನ್ನ 24 ಗಂಟೆಗೆ ಮೊದಲೇ ನಿಮಗೆ ಸೂಚನೆ ಬರಬೇಕೆಂಬುದು ರಿಸರ್ವ್ ಬ್ಯಾಂಕ್ ನಿಯಮ. ಆ ಸಂದೇಶವನ್ನು ಓದಿ, ಬೇಡವಾದದ್ದನ್ನು ಯುಪಿಐ ಆ್ಯಪ್‌ನ ಆಟೊಪೇ ವಿಭಾಗಕ್ಕೆ ಹೋಗಿ ರದ್ದುಮಾಡಿ. ಮೋಸದಿಂದ ಹಣ ಹೋಗಿದ್ದರೆ ಬ್ಯಾಂಕಿಗೆ ತಿಳಿಸಿ, ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ, ಆ ಹಣ ವಂಚಕರ ಖಾತೆಯಿಂದ ಮುಂದೆ ಸಾಗುವ ಮೊದಲು ತಡೆಹಿಡಿಯುವ ಅವಕಾಶ ಹೆಚ್ಚು.