ರೊಶಿಯಾ ಮೊಂಟಾನಾ ನಕ್ಷೆ ಕೊನೆಗೂ ಕೂತ್ಕೊಂಡ್ತು

ರೊಶಿಯಾ ಅಂದ್ರೆ ರಷ್ಯಾ ಅಲ್ಲ, ಮೊದ್ಲೇ ಹೇಳ್ಬಿಡ್ತೀನಿ. ರೊಮೇನಿಯಾದ ಆಲ್ಬಾ ಜಿಲ್ಲೇಲಿ, ಅಪುಸೇನಿ ಬೆಟ್ಟಗಳ ನಡುವೆ 16 ಹಳ್ಳಿ ಸೇರಿದ ಕೊಮೂನಾ, ನಮ್ಮ ಗ್ರಾಮ ಪಂಚಾಯ್ತಿ ತರ. 19ನೇ ಶತಮಾನದ ಹ್ಯಾಬ್ಸ್‌ಬರ್ಗ್ ಸಾಮ್ರಾಜ್ಯದ ಸರ್ವೆ ನಕ್ಷೆನ ಈಗಿನದ್ರ ಮೇಲೆ ಕೂರ್ಸಿ ಕನ್ನಡದಲ್ಲಿ ಹೆಸರು ಬರೀತೀನಿ ಅಂದಾಗ ಇಲ್ಲೇ ರೊಮೇನಿಯಾದ ಕ್ಲೂಜ್ ನಗರದಲ್ಲಿರೋ ನಮ್ಮ ಗ್ಯಾಂಗ್ ನಕ್ಕಿದ್ದೇ ನಕ್ಕಿದ್ದು, ಹಂಗೇರಿಯನ್ ಬರಲ್ಲ, ರೊಮೇನಿಯನ್ನಲ್ಲಿ ತರಕಾರಿ ಚೌಕಾಸಿ ಮಾಡೋಷ್ಟೇ, ನಿಂಗ್ಯಾಕೆ ಮಾರಾಯ ಅಂತ.

ಹೆಸರು ಹಿಡ್ಕೊಂಡು ಹೋಗಿ ಕೆಟ್ಟೆ. ಹಂಗೇರಿಯನ್ನಿನ ವೆರೆಶ್‌ಪಟಾಕ್, ಜರ್ಮನ್ನಿನ ಗೋಲ್ಡ್‌ಬಾಖ್, ರೋಮನ್ನರ ಆಲ್ಬರ್ನುಸ್ ಮಾಯೋರ್ ಎಲ್ಲಾ ಒಂದೇ ಊರು. ಇಲ್ಲಿನ ವಿರ್ಟೋಪ್ ಹುಡುಕಿದ್ರೆ ದೂರದ ದೋಲ್ಜ್ ಜಿಲ್ಲೆಯ ವಿರ್ಟೋಪ್ ಬಂದು ಒಂದು ವಾರ ತಿಂತು. ಹಳೇ ಕಾಗದದ ಅನುವಾದಕ್ಕೆ 400 ಲೇಯಿ ಕೊಟ್ಟೆ, ನಮ್ಮ ದುಡ್ಡಲ್ಲಿ ಏಳೆಂಟು ಸಾವಿರ, ಕೈಗೆ ಬಂದಿದ್ದು ಯಾವ್ದೋ ಚರ್ಚಿನ ಮದುವೆ ರಿಜಿಸ್ಟರ್.

ಆಮೇಲೆ ಬೆಟ್ಟದ ತುದಿಗಳನ್ನೇ ಕಂಟ್ರೋಲ್ ಪಾಯಿಂಟ್, ಅಂದ್ರೆ ಎರಡೂ ನಕ್ಷೆ ಹೊಂದಿಸೋ ಗುರುತು, ಮಾಡ್ದೆ. ಚೆತಾತೆ ಬೆಟ್ಟ ಹೊಂದ್ತಾನೇ ಇಲ್ಲ, ಇನ್ನೂರು ಮುನ್ನೂರು ಮೀಟರ್ ಆಚೆ! ನಕ್ಷೆ ಮಾಡೋ ಸಾಫ್ಟ್‌ವೇರ್ ಕ್ಯೂಜಿಐಎಸ್‌ಗೆ ಬೈದಿದ್ದೇ ಬೈದಿದ್ದು. ಬಾಡಿಗೆ ಕಾರಲ್ಲಿ ತುರ್ದಾ ಊರಿನ ಮೇಲೆ ಸುಮಾರು 130 ಕಿಮೀ ಹೋಗಿ ನಿಂತ್ ನೋಡಿದ್ರೆ ಬೆಟ್ಟದ ತಲೆನೇ ಇಲ್ಲ. 1970ರ ದಶಕದಿಂದ ಸರ್ಕಾರಿ ಚಿನ್ನದ ಗಣಿ ಮೇಲಿಂದಲೇ ಬಗೆದು ಹಾಕಿದೆ, ಗಣಿ ಮುಚ್ಚಿದ್ದು 2006ರಲ್ಲಿ.

ಬೆಟ್ಟ ಹೋದ್ರೂ ಕೆರೆ ಇದ್ವು. ಅದಿರು ಕುಟ್ಟೋ ಒನಕೆ ಯಂತ್ರಗಳಿಗೆ ನೀರು ಬೇಕು ಅಂತ ಏರಿ ಹಾಕಿ ಕಟ್ಟಿದ ಕೆರೆಗಳು, 1948ರಲ್ಲಿ ಗಣಿ ರಾಷ್ಟ್ರೀಕರಣ ಆಗೋವರೆಗೂ ಮನೆ ಮನೆಯೋರು ಅದಿರು ಕುಟ್ತಿದ್ರು. ತೌಲ್ ಮಾರೆ ಅಂದ್ರೆ ದೊಡ್ಡಕೆರೆ, ನಮ್ ಕಡೆ ಹೆಸರೇ ಅಲ್ವಾ! ನಾಲ್ಕು ಕೆರೆ ಏರಿಗಳಿಗೆ ಪಾಯಿಂಟ್ ಹಾಕ್ದೆ, ತಪ್ಪು ಇಪ್ಪತ್ತೈದು ಮೂವತ್ತು ಮೀಟರ್‌ಗೆ ಇಳೀತು. ಯಾವ ನಾಲ್ಕು ಕೆರೆ, ಯಾವ್ದು ಮೊದ್ಲು ಅಂತ ಮಾತ್ರ ಹೇಳಲ್ಲ.

ನಡುವೆ ಇನ್ನೊಂದು ಹುಚ್ಚು. ಊರಿನ ಹೆಸರಿಗೇ ಕಾರಣವಾದ ಕೆಂಪು ಹಳ್ಳಕ್ಕೆ ಹುಳಿ ಅಳೆಯೋ ಪಿಎಚ್ ಪಟ್ಟಿ ಅದ್ದಿದೆ, 3ರ ಹತ್ರ, ಹುಣಸೇ ನೀರಿನಷ್ಟು ಹುಳಿ. ಗಣಿಯೊಳಗೆ ಸಿಕ್ಕ ರೋಮನ್ ಮೇಣದ ಹಲಗೆಗಳ ಹಿಂದೆನೂ ಬಿದ್ದೆ, ಕ್ರಿ.ಶ. 131ರಿಂದ 167ರವರೆಗಿನ ಸಾಲಪತ್ರ, ಕೂಲಿ ಕರಾರು, ಗುಲಾಮರ ಮಾರಾಟ, ಹಳೇ ಹೆಸರು ಗೊತ್ತಾಗಿದ್ದೇ ಅದ್ರಿಂದ. 2021ರಲ್ಲಿ ಈ ಊರು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೂ ಸೇರ್ತು.

ನಕ್ಕಿದ್ದವನೇ ಈಗ ಫೈಲ್ ಕೇಳ್ತಿದಾನೆ. ಪ್ರಿಂಟಿಗೆ 60 ಲೇಯಿ ಆಗಿದೆ, ಮೊದ್ಲು ಅದು ಕೊಡ್ಲಿ. ಕೊರ್ನಾ ಹಳ್ಳಿ ಕಡೆ ನಕ್ಷೆ ಇನ್ನೂ ಸ್ವಲ್ಪ ಜಗ್ತಾ ಇದೆ, ಮುಂದಿನ ತಿಂಗ್ಳು ಮತ್ತೆ ಹೋಗ್ಬೇಕು.