ಮಾವಿನಮಿಡಿಯ ಉಪ್ಪುನೀರು ಉಳಿದಿದೆಯಾ? ಚೆಲ್ಲಬೇಡಿ

ಮಿಡಿ ಉಪ್ಪಿನಕಾಯಿ ಹಾಕುವ ಮನೆಗಳಲ್ಲಿ ಪ್ರತಿ ವರ್ಷ ಇದೇ ಕಥೆ. ಕಲ್ಲುಪ್ಪಿನಲ್ಲಿ ಹಾಕಿಟ್ಟ ಮಿಡಿ ನೀರು ಬಿಟ್ಟು ಸುಕ್ಕಾಗುತ್ತದೆ. ಬೇಕಾದಷ್ಟು ಉಪ್ಪುನೀರು ಹಾಕಿ ಸಾಸಿವೆ, ಮೆಣಸು ರುಬ್ಬಿದ ಮೇಲೂ ಭರಣಿಯಲ್ಲಿ ಒಂದೆರಡು ಲೋಟ ಉಳಿಯುತ್ತದೆ. ಅದರಲ್ಲಿ ಉಪ್ಪೂ ಇದೆ, ಹುಳಿಯೂ ಇದೆ. ಅಪ್ಪೆಮಿಡಿ ತಳಿಯಾದರೆ ಸೊನೆಯ ಪರಿಮಳ ಬೇರೆ. ಅಡುಗೆಗೆ ಉಪ್ಪಿನ ಬದಲು ಇದನ್ನೇ ಹಾಕಬಹುದು. ನೆನಪಿರಲಿ, ಉಪ್ಪಿನ ಜೊತೆಗಲ್ಲ, ಉಪ್ಪಿನ ಬದಲು.

ಮೊದಲು ನೋಡಿ, ಮೂಸಿ

ಮೇಲೆ ಹಸಿರು ಅಥವಾ ಕಪ್ಪು ಬೂಸ್ಟು ಕಂಡರೆ, ಕೊಳೆತ ವಾಸನೆ ಬಂದರೆ ಅಷ್ಟನ್ನೂ ಎಸೆದುಬಿಡಿ. ಬೂಸ್ಟು ತೆಗೆದು ಕುದಿಸಿದರೆ ಸರಿಹೋಗುತ್ತದೆ ಎನ್ನುವವರ ಮಾತು ಕೇಳಬೇಡಿ. ತಳದಲ್ಲಿ ಕರಗದ ಉಪ್ಪು ಕೂತಿದ್ದರೆ ಅದು ಒಳ್ಳೆಯ ಲಕ್ಷಣ. 100 ಮಿಲಿ ನೀರಿನಲ್ಲಿ ಕರಗುವುದು ಸುಮಾರು 36 ಗ್ರಾಂ ಉಪ್ಪು ಮಾತ್ರ. ಅಷ್ಟು ಉಪ್ಪು ಹಿಡಿದ ನೀರು ಬೇಗ ಕೆಡುವುದಿಲ್ಲ.

ಕುದಿಸಿ, ಸೋಸಿ ಇಡಿ

ಸ್ಟೀಲ್ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ, ನೊರೆ ತೆಗೆಯಿರಿ. ಅಲ್ಯೂಮಿನಿಯಂ ಬೇಡ, ಉಪ್ಪು ಹುಳಿ ಎರಡೂ ಸೇರಿ ಪಾತ್ರೆಯನ್ನೇ ತಿನ್ನುತ್ತವೆ. ಪೂರ್ತಿ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ, ಒಣಗಿದ ಗಾಜಿನ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಡಿ.

ಊಟಕ್ಕೆ

ಸುಲಭದ್ದು, ಉತ್ತರ ಕನ್ನಡದಲ್ಲಿ ಮಾವಿನಕಾಯಿ ಬೇಯಿಸಿ ಮಾಡುವ ಅಪ್ಪೆಹುಳಿಯಂಥ ತೆಳು ಸಾರು. ಎರಡು ಲೋಟ ತಣ್ಣೀರಿಗೆ ಒಂದು ದೊಡ್ಡ ಚಮಚ ಉಪ್ಪುನೀರು ಹಾಕಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಇಂಗು, ಸೀಳಿದ ಹಸಿಮೆಣಸಿನ ಒಗ್ಗರಣೆ ಕೊಡಿ. ಒಲೆ ಮೇಲಿಡುವುದೇ ಬೇಡ. ಹುಳಿ ಸಾಲದಿದ್ದರೆ ನಿಂಬೆ ಹಿಂಡಿ, ಉಪ್ಪುನೀರು ಜಾಸ್ತಿ ಮಾಡಲು ಹೋಗಬೇಡಿ. ಶಿರಸಿ ಕಡೆಯವರು ಇದನ್ನು ಅಪ್ಪೆಹುಳಿ ಎಂದು ಒಪ್ಪಲಿಕ್ಕಿಲ್ಲ. ಆದರೆ ಊಟದ ಕೊನೆಗೆ ಕುಡಿಯಲು ಚೆನ್ನಾಗಿರುತ್ತದೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಮಜ್ಜಿಗೆ ಮೆಣಸು. ಮಿಡಿ ಕೆಲಸ ಮುಗಿಯುವ ಹೊತ್ತಿಗೆ ಬಿಸಿಲೂ ಜೋರಾಗಿರುತ್ತದೆ, ಅಲ್ವಾ? ಹಸಿಮೆಣಸನ್ನು ತುದಿ ಸೀಳಿ, ಹುಳಿ ಮಜ್ಜಿಗೆಗೆ ಹಾಕಿ. ಉಪ್ಪಿನ ಬದಲು ಈ ನೀರನ್ನು ಬೆರೆಸಿ, ನಾಲಿಗೆಗೆ ಚುರುಕಾಗಿ ಉಪ್ಪು ತಾಗುವಷ್ಟು. ಹಗಲು ಮೆಣಸನ್ನು ಒಣಗಿಸಿ, ರಾತ್ರಿ ಮತ್ತೆ ಅದೇ ಮಜ್ಜಿಗೆಗೆ ಹಾಕಿ. ಮಜ್ಜಿಗೆ ಪೂರ್ತಿ ಹೀರಿಕೊಳ್ಳುವ ತನಕ ಹೀಗೇ ಮಾಡಿ. ಆಮೇಲೆ ಮುರಿದರೆ ಲಟಕ್ಕೆನ್ನುವಷ್ಟು ಒಣಗಿಸಿ ಡಬ್ಬಿಗೆ ತುಂಬಿ. ಕರಿದರೆ ಗಂಜಿಗೆ, ಮೊಸರನ್ನಕ್ಕೆ ಬೇರೆ ನೆಂಚಿಕೊಳ್ಳಲು ಏನೂ ಬೇಡ.

ಮಾವಿನಶುಂಠಿ, ಕ್ಯಾರೆಟ್, ಸೌತೆಕಾಯಿ ಹೋಳುಗಳನ್ನೂ ಇದರಲ್ಲಿ ನೆನೆಸಬಹುದು. ಒಂದು ಪಾಲು ಉಪ್ಪುನೀರಿಗೆ ಎರಡು ಪಾಲು ಕುದಿಸಿ ಆರಿಸಿದ ನೀರು ಸೇರಿಸಿ. ಇಲ್ಲೊಂದು ಎಚ್ಚರಿಕೆ. ನೀರು ಬೆರೆಸಿದಾಗ, ತರಕಾರಿಯ ನೀರೂ ಸೇರಿದಾಗ ಉಪ್ಪಿನ ಬಲ ಇಳಿಯುತ್ತದೆ. ಹಾಗಾಗಿ ಇದನ್ನು ಭರಣಿಯಲ್ಲಿ ವರ್ಷಗಟ್ಟಲೆ ಇಡುವ ಆಸೆ ಬೇಡ. ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ತಿಂದು ಮುಗಿಸಿ. ರಕ್ತದೊತ್ತಡ, ಮೂತ್ರಪಿಂಡದ ತೊಂದರೆ ಇರುವವರಿಗೆ ಇಷ್ಟು ಉಪ್ಪು ಒಳ್ಳೆಯದಲ್ಲ.

ಇನ್ನೂ ಉಳಿದರೆ

ತಾಮ್ರದ ಚೊಂಬು, ಹಿತ್ತಾಳೆ ದೀಪ ತಿಕ್ಕಿ. ಹುಣಸೆಹಣ್ಣು ಮತ್ತು ಉಪ್ಪು ಮಾಡುವ ಕೆಲಸವನ್ನು ಇದೊಂದೇ ಮಾಡುತ್ತದೆ. ತಕ್ಷಣ ನೀರಲ್ಲಿ ತೊಳೆದು ಒರೆಸಿ, ಇಲ್ಲದಿದ್ದರೆ ಕಿಲುಬು ಹಿಡಿಯುತ್ತದೆ. ಗಿಡದ ಬುಡಕ್ಕೆ ಮಾತ್ರ ಸುರಿಯಬೇಡಿ, ಬೇರು ಸುಟ್ಟು ಹೋಗುತ್ತದೆ. ಅಂಗಳದ ಕಲ್ಲುಚಪ್ಪಡಿಗಳ ಸಂದಿಯಲ್ಲಿ ಹುಲ್ಲು ಎದ್ದಿದ್ದರೆ, ಹತ್ತಿರ ಬೇರೆ ಗಿಡ ಇಲ್ಲದ ಕಡೆ ಅಲ್ಲಿಗೆ ಸುರಿಯಿರಿ.